ಒಂದು ಮುದ್ದೆ ಅಂದ್ರೆ ಎಷ್ಟು ಗ್ರಾಂ? ಒಂದೇ ಪಾತ್ರೆಯಲ್ಲಿ ಬೇಯುವ ಮನೆಯೂಟವನ್ನು ಅಳೆಯುವ ಬಗೆ

ಅಮ್ಮನಿಗೆ ಶುಗರ್ ಇದೆ ಅಂತ ಗೊತ್ತಾದ ದಿನ ಕೈಗೆ ಒಂದು ಊಟದ ಚೀಟಿ ಕೊಟ್ಟು ಕಳಿಸಿದರು. ಮಧ್ಯಾಹ್ನ ಒಂದು ಮುದ್ದೆ, ಒಂದು ಕಪ್ ಸಾರು, ಅರ್ಧ ಕಪ್ ಅನ್ನ. ಓದಿದರೆ ಸುಲಭ ಅನಿಸುತ್ತದೆ ಅಲ್ವಾ? ಆ ವಾರವೇ ನಾನು ಮೂರು ಕಡೆಯ ಮುದ್ದೆ ತೂಗಿ ನೋಡಿದೆ. ಕೋಲಾರದ ನಮ್ಮ ಮನೆಯದು 280 ಗ್ರಾಂ. ಮಾಲೂರು ಕಡೆ ಹಳ್ಳಿಯಲ್ಲಿರುವ ದೊಡ್ಡಮ್ಮನ ಮನೆಯದು 430 ಗ್ರಾಂ, ಬೆಳಿಗ್ಗೆಯಿಂದ ಹೊಲದಲ್ಲಿ ದುಡಿದು ಬರುವವರಿಗೆ ಕಟ್ಟುವ ಮುದ್ದೆ ಅದು. ಮೆಸ್ಸಿನಿಂದ ಪಾರ್ಸಲ್ ತಂದದ್ದು 210 ಗ್ರಾಂ. ಮೂರನ್ನೂ ನಾವು "ಒಂದು ಮುದ್ದೆ" ಅಂತಲೇ ಕರೆಯುತ್ತೇವೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ ಇದ್ದರೆ ಆ ಚೀಟಿಯಿಂದ ಏನು ಪ್ರಯೋಜನ?

ಶುಗರ್ ಇರಲಿ, ತೂಕ ಇಳಿಸುವುದಿರಲಿ, ಜಿಮ್‌ಗೆ ಹೋಗುವ ಹುಡುಗರು ಪ್ರೋಟೀನ್ ಲೆಕ್ಕ ಇಡುವುದಿರಲಿ, ಎಲ್ಲರೂ ಮೊದಲು ಎಡವುವುದು ಇಲ್ಲೇ. ತಿಂದದ್ದರ ಲೆಕ್ಕ ಇಡುವ ಮೊಬೈಲ್ ಆ್ಯಪ್‌ಗಳಲ್ಲಿ ಒಬ್ಬರು ಒಂದು ತಟ್ಟೆಗೆ ಅಡುಗೆ ಮಾಡಿಕೊಂಡು ತಿನ್ನುವ ಲೆಕ್ಕ ಇರುತ್ತದೆ. ನಮ್ಮ ಮನೆಗಳಲ್ಲಿ ಐದಾರು ಜನಕ್ಕೆ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಅದರಲ್ಲಿ ನನ್ನ ಪಾಲು ಎಷ್ಟು? ಅದನ್ನು ಕಂಡುಕೊಳ್ಳುವ ದಾರಿ ಒಂದೇ: ಬೇಯಿಸುವ ಮುಂಚೆ ಒಣ ಸಾಮಾನಿನ ತೂಕ ಬರೆದುಕೊಳ್ಳಿ, ಬೆಂದ ಮೇಲೆ ಇಡೀ ಅಡುಗೆಯ ತೂಕ ಬರೆದುಕೊಳ್ಳಿ, ಆಮೇಲೆ ನಿಮ್ಮ ತಟ್ಟೆಗೆ ಬಂದದ್ದನ್ನು ತೂಗಿ. ಈ ಮೂರು ಸಂಖ್ಯೆ ಇದ್ದರೆ ಸಾಕು. ಇದನ್ನು ದಿನಾ ಅಡುಗೆಮನೆಯಲ್ಲಿ ಗೋಳಿಲ್ಲದೆ ಹೇಗೆ ಮಾಡುವುದು ಅಂತ ಹೇಳುತ್ತೇನೆ.

ಮೊದಲು ತಕ್ಕಡಿ

ಅಡುಗೆಮನೆಗೆ ಸಿಗುವ ಡಿಜಿಟಲ್ ತಕ್ಕಡಿ ಒಂದು ತೆಗೆದುಕೊಳ್ಳಿ. 5 ಕೆಜಿ ವರೆಗೆ ತೂಗಬೇಕು, 1 ಗ್ರಾಂ ವ್ಯತ್ಯಾಸ ತೋರಿಸಬೇಕು, ಮೇಲ್ಭಾಗ ಚಪ್ಪಟೆಯಾಗಿರಬೇಕು. ಇಷ್ಟೇ. ಬಟ್ಟಲು ಜೊತೆಗೇ ಬರುವ ಮಾದರಿಗಿಂತ ಚಪ್ಪಟೆಯದು ಒಳ್ಳೆಯದು, ಯಾಕಂದ್ರೆ ಅದರ ಮೇಲೆ ತಟ್ಟೆ, ಲೋಟ, ಪಾತ್ರೆ ಏನು ಬೇಕಾದರೂ ಇಡಬಹುದು.

ತಂದ ದಿನವೇ ಸರಿ ಇದೆಯಾ ನೋಡಿ. ಹತ್ತು ರೂಪಾಯಿಯ ನಾಣ್ಯ ಒಂದು 7.7 ಗ್ರಾಂ ತೂಗುತ್ತದೆ. ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ 77 ಗ್ರಾಂ ಬರಬೇಕು. ಒಂದು ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ, 70 ತೋರಿಸಿದರೆ ವಾಪಸ್ ಕೊಡಿ. ಕೆಲವು ತಿಂಗಳ ಮೇಲೆ ತೂಕ ಸುಮ್ನೆ ಏರಿಳಿಯುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಎಷ್ಟೋ ಸಲ ತಪ್ಪು ಅದರದ್ದೇ ಆಗಿರುತ್ತದೆ.

ಇಡುವ ಜಾಗ ಸಮತಟ್ಟಾಗಿರಲಿ. ಕಡಪ ಕಲ್ಲಿನ ಕಟ್ಟೆ ಸರಿಹೋಗುತ್ತದೆ. ಫ್ಯಾನಿನ ಗಾಳಿ ನೇರ ಬಿದ್ದರೆ ಹಗುರ ಸಾಮಾನಿನ ಅಂಕಿ ಕುಣಿಯುತ್ತದೆ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಹಾಗೇ ಅದರ ಮೇಲೆ ಇಡಬೇಡಿ, ಒಳಗಿನ ಸೆನ್ಸರ್ ಬಿಸಿಗೆ ಕೆಡುತ್ತದೆ, ಅಂಕಿಯೂ ತಪ್ಪುತ್ತದೆ. ಒಂದು ಮರದ ಹಲಗೆ ಇಟ್ಟು, ಸೊನ್ನೆ ಮಾಡಿಕೊಂಡು, ಅದರ ಮೇಲೆ ಪಾತ್ರೆ ಇಡಿ.

ಈ "ಸೊನ್ನೆ ಮಾಡುವುದು" ಅಂದರೆ ಟೇರ್ ಬಟನ್. ಖಾಲಿ ತಟ್ಟೆ ಇಟ್ಟು ಅದನ್ನು ಒತ್ತಿದರೆ ತಟ್ಟೆಯ ತೂಕ ಮರೆತು ಸೊನ್ನೆ ತೋರಿಸುತ್ತದೆ. ಮುದ್ದೆ ಇಟ್ಟು ಬರೆದುಕೊಳ್ಳಿ, ಮತ್ತೆ ಒತ್ತಿ, ಪಲ್ಯ ಹಾಕಿ ಬರೆದುಕೊಳ್ಳಿ, ಮತ್ತೆ ಒತ್ತಿ, ಅನ್ನ ಹಾಕಿ. ಒಂದೇ ತಟ್ಟೆಯಲ್ಲಿ ಎಲ್ಲ ಮುಗಿಯುತ್ತದೆ, ತೊಳೆಯುವ ಪಾತ್ರೆಯೂ ಜಾಸ್ತಿ ಆಗುವುದಿಲ್ಲ.

ಆದರೆ ಅಡುಗೆ ಬೇಯುವಷ್ಟು ಹೊತ್ತು ತಕ್ಕಡಿ ಸೊನ್ನೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಒಂದೆರಡು ನಿಮಿಷಕ್ಕೆ ಆಫ್ ಆಗುತ್ತದೆ. ಅದಕ್ಕೆ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಇದು: ಒಂದು ಭಾನುವಾರ ಮನೆಯ ಪಾತ್ರೆಗಳನ್ನೆಲ್ಲ ಖಾಲಿ ತೂಗಿ, ಒಂದು ಚೀಟಿಯಲ್ಲಿ ಬರೆದು, ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಮುದ್ದೆ ಪಾತ್ರೆ ಇಷ್ಟು, ಸಾರಿನ ಪಾತ್ರೆ ಇಷ್ಟು, ದೊಡ್ಡ ಕುಕ್ಕರಿನ ತಳ ಇಷ್ಟು. ಈಗ ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ ಕಳೆದರೆ ಆಯಿತು. ಇಲ್ಲೊಂದು ಎಚ್ಚರಿಕೆ: 5 ಕೆಜಿ ಮಿತಿಯಲ್ಲಿ ಪಾತ್ರೆಯ ತೂಕವೂ ಸೇರುತ್ತದೆ. ಭಾರದ ಕುಕ್ಕರಿನಲ್ಲಿ ಸಾರು ತುಂಬಿದ್ದರೆ ಮಿತಿ ದಾಟಬಹುದು, ಆಗ ಬೇರೆ ಹಗುರ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಪಾವು, ಲೋಟ, ಕಪ್

ನಮ್ಮ ಕಡೆ ಹಿರಿಯರಿಗೆ ಅಳತೆ ಅಂದರೆ ಪಾವು, ಸೇರು. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದರೂ ಅಡುಗೆಮನೆಯಿಂದ ಪಾವು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ದಿನಾ ಒಂದೇ ಪಾವಿನಲ್ಲಿ ಅಕ್ಕಿ ಅಳೆಯುವ ಅಮ್ಮನ ಕೈ ಬಹಳ ನಿಖರ. ತೊಂದರೆ ಏನಂದ್ರೆ ಪಾವು ಅಳೆಯುವುದು ಜಾಗವನ್ನು, ತೂಕವನ್ನಲ್ಲ.

ನಮ್ಮ ಮನೆಯ ಹಿತ್ತಾಳೆ ಪಾವಿಗೆ 240 ಎಂಎಲ್ ನೀರು ಹಿಡಿಯುತ್ತದೆ. ಅದನ್ನೇ ತಲೆ ಸವರಿ ಅಳೆದರೆ ಅಕ್ಕಿ 200 ಗ್ರಾಂ, ಸಕ್ಕರೆಯೂ ಹೆಚ್ಚುಕಡಿಮೆ ಅಷ್ಟೇ, ಕಡಲೆಕಾಯಿ ಬೀಜ 145, ಕಡ್ಲೆಪುರಿ ಬರೀ 20. ರಾಗಿ ಹಿಟ್ಟು ಅಂತೂ ಕೇಳಲೇಬೇಡಿ. ಮಿಲ್ಲಿನಿಂದ ತಂದು ಜರಡಿ ಹಿಡಿದು ಸಡಿಲವಾಗಿ ತುಂಬಿದರೆ 130 ಗ್ರಾಂ, ಡಬ್ಬದಲ್ಲಿ ಕೂತು ಗಟ್ಟಿಯಾದ ಹಿಟ್ಟನ್ನು ಒತ್ತಿ ತುಂಬಿದರೆ 160. ಗೋಪುರ ಬರುವ ಹಾಗೆ ತುಂಬುವ ಅಭ್ಯಾಸ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ನನ್ನ ಮಾತು ಇಷ್ಟೇ: ಹಿಟ್ಟು ಯಾವುದೇ ಇರಲಿ ತೂಗಿಯೇ ಬಳಸಿ. ಅಕ್ಕಿ ಬೇಳೆಗೆ ಪಾವು ನಡೆಯುತ್ತದೆ, ಆದರೆ ನಿಮ್ಮ ಮನೆಯ ಪಾವಿಗೆ ಎಷ್ಟು ಗ್ರಾಂ ಅಂತ ಒಮ್ಮೆ ತೂಗಿ, ಅದೇ ಬೀರುವಿನ ಚೀಟಿಗೆ ಸೇರಿಸಿ. ಪಕ್ಕದ ಮನೆಯ ಪಾವಿನ ಅಂಕಿ ತರಬೇಡಿ.

"ಕಪ್" ಅಂತ ಆ್ಯಪ್‌ನಲ್ಲಿ ಬಂದರೆ ಅದು ನಮ್ಮ ಟೀ ಕಪ್ ಅಲ್ಲ. ಅಮೆರಿಕದವರ ಕಪ್ 240 ಎಂಎಲ್ ಆಸುಪಾಸು, ಬೇರೆ ಕೆಲವು ದೇಶಗಳದ್ದು 250. ನಮ್ಮ ಸ್ಟೀಲ್ ಲೋಟ 150ರಿಂದ 300ರ ತನಕ ಯಾವುದೂ ಆಗಿರಬಹುದು. ಊಟದ ಚೀಟಿ ಕೊಡುವವರನ್ನು ಧೈರ್ಯವಾಗಿ ಕೇಳಿ, "ಗ್ರಾಂನಲ್ಲಿ ಎಷ್ಟು, ಅದು ಹಸಿಯದಾ ಬೆಂದದ್ದಾ" ಅಂತ. ನಾನು ಅವತ್ತು ಕೇಳಲಿಲ್ಲ, ಮೂರು ತಿಂಗಳು ಹಾಗೇ ಕಳೆದುಹೋಯಿತು.

ಹಾಲು, ಮಜ್ಜಿಗೆ, ನೀರಿಗೆ ಎಂಎಲ್ ಗ್ರಾಂ ಹೆಚ್ಚುಕಡಿಮೆ ಒಂದೇ. 200 ಎಂಎಲ್ ಹಾಲು 206 ಗ್ರಾಂ ಬರುತ್ತದೆ, ಅಷ್ಟು ವ್ಯತ್ಯಾಸ ಬಿಟ್ಟುಬಿಡಿ. ಎಣ್ಣೆ ಹಗುರ, ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಜೇನುತುಪ್ಪ ಭಾರ, 100 ಎಂಎಲ್‌ಗೆ ಸುಮಾರು 140 ಗ್ರಾಂ. ಕೆಲವು ತಕ್ಕಡಿಗಳಲ್ಲಿ ಎಂಎಲ್ ತೋರಿಸುವ ಬಟನ್ ಇರುತ್ತದೆ, ಅದು ಎಲ್ಲವನ್ನೂ ನೀರು ಅಂದುಕೊಂಡು ಲೆಕ್ಕ ಹಾಕುತ್ತದೆ. ಗ್ರಾಂನಲ್ಲೇ ಇಟ್ಟುಕೊಳ್ಳಿ.

ಹಿಟ್ಟಿನ ಲೆಕ್ಕ

ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುತ್ತೇವೆ, "ಹಿಟ್ಟು ಉಂಡ್ಯಾ?" ಅಂತಲೇ ಕೇಳುತ್ತೇವೆ. ಕೋಲಾರದ ತಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅದರದ್ದೇ, ಹಾಗಾಗಿ ಇದೊಂದನ್ನು ಸರಿಯಾಗಿ ಅಳೆದರೆ ಅರ್ಧ ಕೆಲಸ ಮುಗಿದ ಹಾಗೆ.

ರಾಗಿ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. "ರಾಗಿ ತಾನೇ, ಶುಗರ್‌ಗೆ ಒಳ್ಳೇದು, ಎಷ್ಟು ಬೇಕಾದ್ರೂ ತಿನ್ನಿ" ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯಲ್ಲಿ 100 ಗ್ರಾಂ ಒಣ ರಾಗಿಗೆ ಸುಮಾರು 320 ಕ್ಯಾಲೊರಿ, 67 ಗ್ರಾಂ ಕಾರ್ಬೋಹೈಡ್ರೇಟ್, 7 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ಬಿಳಿ ಅಕ್ಕಿಗೆ ಸುಮಾರು 356 ಕ್ಯಾಲೊರಿ, 78 ಗ್ರಾಂ ಕಾರ್ಬೋಹೈಡ್ರೇಟ್. ರಾಗಿಯಲ್ಲಿ ನಾರು ಅಕ್ಕಿಯ ನಾಲ್ಕು ಪಟ್ಟಿದೆ, ಕ್ಯಾಲ್ಸಿಯಂ 364 ಮಿಲಿಗ್ರಾಂ ಇದೆ, ಅದು ನಿಜವಾಗಿಯೂ ದೊಡ್ಡ ವಿಷಯ. ಆದರೆ ಕ್ಯಾಲೊರಿ ಮತ್ತು ಕಾರ್ಬೋಹೈಡ್ರೇಟ್‌ನಲ್ಲಿ ಅಕ್ಕಿಗೂ ರಾಗಿಗೂ ತುಂಬಾ ದೂರ ಇಲ್ಲ. 430 ಗ್ರಾಂ ಮುದ್ದೆ ಉಂಡು ಅನ್ನ ಬಿಟ್ಟೆ ಅಂತ ಸಮಾಧಾನ ಪಟ್ಟುಕೊಂಡರೆ ಶುಗರ್ ನೋಡುವ ಮೀಟರ್ ಒಪ್ಪುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ಮನೆಯಲ್ಲಿ ಎಸರಿಗೆ ಸ್ವಲ್ಪ ಅಕ್ಕಿ ನುಚ್ಚು ಹಾಕಿ, ಅದು ಬೆಂದ ಮೇಲೆ ರಾಗಿ ಹಿಟ್ಟು ಹಾಕಿ ತಿರುವುತ್ತೇವೆ. ನುಚ್ಚನ್ನು ಬರೆದುಕೊಳ್ಳಲು ಮರೆಯಬೇಡಿ, ಅದೂ ಅಕ್ಕಿಯೇ. ಒಂದು ದಿನದ ಲೆಕ್ಕ ಹೀಗಿತ್ತು:

ರಾಗಿ ಹಿಟ್ಟು 400 ಗ್ರಾಂ, 1,280 ಕ್ಯಾಲೊರಿ, ಕಾರ್ಬೋಹೈಡ್ರೇಟ್ 267 ಗ್ರಾಂ.
ನುಚ್ಚು 75 ಗ್ರಾಂ, 267 ಕ್ಯಾಲೊರಿ, ಕಾರ್ಬೋಹೈಡ್ರೇಟ್ 59 ಗ್ರಾಂ.
ಎರಡೂ ಸೇರಿ ಸುಮಾರು 1,550 ಕ್ಯಾಲೊರಿ, ಕಾರ್ಬೋಹೈಡ್ರೇಟ್ 326 ಗ್ರಾಂ.
ಬೆಂದು ತಿರುವಿದ ಮೇಲೆ ಪಾತ್ರೆ ಕಳೆದು ಒಟ್ಟು ತೂಕ 1,400 ಗ್ರಾಂ.

ನೀರನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ನೀರಿಗೆ ತೂಕ ಇದೆ, ಕ್ಯಾಲೊರಿ ಇಲ್ಲ, ಅದು ಒಟ್ಟು ತೂಕದಲ್ಲಿ ತಾನಾಗಿಯೇ ಸೇರಿಕೊಂಡಿದೆ. 1,550ನ್ನು 1,400ರಿಂದ ಭಾಗಿಸಿದರೆ ಒಂದು ಗ್ರಾಂ ಮುದ್ದೆಗೆ 1.1 ಕ್ಯಾಲೊರಿ. ಕಾರ್ಬೋಹೈಡ್ರೇಟ್ 100 ಗ್ರಾಂ ಮುದ್ದೆಗೆ 23 ಗ್ರಾಂ. ಅಷ್ಟೇ, ಇನ್ನು ಗುಣಿಸುವುದು. 280 ಗ್ರಾಂ ಮುದ್ದೆಗೆ ಹೆಚ್ಚುಕಡಿಮೆ 310 ಕ್ಯಾಲೊರಿ, 65 ಗ್ರಾಂ ಕಾರ್ಬೋಹೈಡ್ರೇಟ್. 200 ಗ್ರಾಂಗೆ 220 ಕ್ಯಾಲೊರಿ, 47 ಗ್ರಾಂ ಕಾರ್ಬೋಹೈಡ್ರೇಟ್. ಅಮ್ಮನ ಚೀಟಿಯನ್ನು ಇಟ್ಟುಕೊಂಡು ಆಮೇಲೆ ಡಾಕ್ಟರ ಹತ್ತಿರ ಕೂತು ಮಾತಾಡಿದಾಗ ಗೊತ್ತಾಯಿತು, ಅವರ ಮನಸ್ಸಿನಲ್ಲಿದ್ದ "ಒಂದು ಮುದ್ದೆ" ಈ 200 ಗ್ರಾಂನದ್ದು.

ಈ ಲೆಕ್ಕ ದಿನಾ ಹಾಕಬೇಕಾ? ಬೇಡ. ಗಟ್ಟಿ ಮುದ್ದೆ ಮಾಡುವವರ ಸಂಖ್ಯೆ ಬೇರೆ, ಮೆತ್ತಗೆ ಮಾಡುವವರದ್ದು ಬೇರೆ, ಆದರೆ ಒಂದು ಮನೆಯ ಹದ ಸಾಮಾನ್ಯವಾಗಿ ಬದಲಾಗುವುದಿಲ್ಲ. ನಾಲ್ಕು ದಿನ ತೂಗಿ ಸರಾಸರಿ ತೆಗೆಯಿರಿ, ಅದೇ ನಿಮ್ಮ ಮನೆಯ ಅಂಕಿ. ಆಮೇಲೆ ತಟ್ಟೆಗೆ ಬಿದ್ದ ಮುದ್ದೆ ಮಾತ್ರ ತೂಗಿದರೆ ಸಾಕು. ಅದಕ್ಕೂ ಬೇಸರ ಆದರೆ, ಮುದ್ದೆ ಕಟ್ಟುವ ಬಟ್ಟಲು ಒಂದನ್ನೇ ಗೊತ್ತುಮಾಡಿಕೊಳ್ಳಿ. ನೀರು ಹಚ್ಚಿ, ಅಂಚಿನ ಮಟ್ಟಕ್ಕೆ ತುಂಬಿ, ತಿರುಗಿಸಿ ಕಟ್ಟಿದರೆ ಪ್ರತಿ ಸಲ ಒಂದೇ ತೂಕ ಬರುತ್ತದೆ. ನಾವು ಅಮ್ಮನಿಗಾಗಿ ಒಂದು ಸಣ್ಣ ಸ್ಟೀಲ್ ಬಟ್ಟಲು ಬೇರೆಯಾಗಿಯೇ ಇಟ್ಟಿದ್ದೇವೆ.

ಅನ್ನಕ್ಕೂ ಇದೇ ದಾರಿ. ನಮ್ಮ ಕುಕ್ಕರಿನಲ್ಲಿ 100 ಗ್ರಾಂ ಅಕ್ಕಿ ಬೆಂದು 280 ಗ್ರಾಂ ಅನ್ನ ಆಗುತ್ತದೆ. ಮೆತ್ತಗೆ ಬೇಯಿಸಿದ ದಿನ 350 ಆದದ್ದೂ ಇದೆ. ಅಕ್ಕಿ ಅದೇ, ಕ್ಯಾಲೊರಿ ಅದೇ, ನೀರು ಮಾತ್ರ ಜಾಸ್ತಿ. ಹೊಸ ಅಕ್ಕಿಗೂ ಹಳೇ ಅಕ್ಕಿಗೂ ಬೇರೆ ಬೇರೆ ಬರುತ್ತದೆ. ಆ್ಯಪ್‌ನಲ್ಲಿ ಹಾಕುವಾಗ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ: ಬೆಂದ ಅನ್ನ 200 ಗ್ರಾಂ ತೂಗಿ, ಹಸಿ ಅಕ್ಕಿಯ ಸಾಲಿನಲ್ಲಿ 200 ಅಂತ ಹಾಕುತ್ತಾರೆ. 250-260 ಕ್ಯಾಲೊರಿ ಆಗಬೇಕಾದದ್ದು 700 ದಾಟುತ್ತದೆ. ಉಲ್ಟಾ ಮಾಡಿದರೂ ಅಷ್ಟೇ ದೊಡ್ಡ ತಪ್ಪು.

ಸಾರು, ಅದರಲ್ಲೂ ಬಸ್ಸಾರು

ಸಾರನ್ನು ಅಳೆಯುವುದು ಕಷ್ಟ ಅಂತ ಜನ ಕೈಬಿಡುತ್ತಾರೆ. ಕಷ್ಟ ಇರುವುದು ಒಂದೇ ಕಡೆ, ಬೇಳೆ ತಳಕ್ಕೆ ಕೂರುತ್ತದೆ. ಮೇಲಿಂದ ತಿಳಿ ಬಡಿಸಿಕೊಂಡವರಿಗೂ ಕೊನೆಗೆ ತಳ ಕೆರೆದು ಹಾಕಿಕೊಂಡವರಿಗೂ ಸಿಗುವುದು ಒಂದೇ ಅಲ್ಲ. ಸೌಟು ಆಡಿಸಿ, ತಳದಿಂದ ಮೇಲೆತ್ತಿ, ಆಮೇಲೆ ಬಡಿಸಿ.

ಮೊನ್ನೆಯ ಬೇಳೆ ಸಾರು: ತೊಗರಿಬೇಳೆ 150 ಗ್ರಾಂ, ಎಣ್ಣೆ 27 ಗ್ರಾಂ, ಹಸಿ ತೆಂಗಿನಕಾಯಿ 50 ಗ್ರಾಂ, ಈರುಳ್ಳಿ ಟೊಮೆಟೊ ಇನ್ನೂರು ಗ್ರಾಂ. ಆಗಿದ್ದು 1,600 ಗ್ರಾಂ ಸಾರು. ಒಟ್ಟು ಕ್ಯಾಲೊರಿ ಸಾವಿರದ ಆಸುಪಾಸು. ಬೇಳೆಯಿಂದ ಬಂದ ಪ್ರೋಟೀನ್ 32 ಗ್ರಾಂ. ಈಗ ಒಂದು ಬಟ್ಟಲು, ಅಂದರೆ 200 ಗ್ರಾಂ ಸಾರಿಗೆ ಎಷ್ಟು ಬಂತು? 125 ಕ್ಯಾಲೊರಿ, ಪ್ರೋಟೀನ್ ಬರೀ 4 ಗ್ರಾಂ. ಈ 4 ನೋಡಿದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ದಿನಾ ಬೇಳೆ ತಿನ್ನುತ್ತಿದ್ದೇವೆ, ಪ್ರೋಟೀನಿಗೆ ಕೊರತೆ ಇಲ್ಲ ಅಂದುಕೊಂಡಿದ್ದೆವು. ಅಮ್ಮನ ಕಾಲು ಸೋಲುತ್ತದೆ ಅಂದಾಗಲೆಲ್ಲ ವಯಸ್ಸಿನ ಮೇಲೆ ಹಾಕುತ್ತಿದ್ದೆವು. ಆಮೇಲೆ ಅದೇ ಸಾರಿಗೆ ಬೇಳೆ ಎರಡು ಪಟ್ಟು ಮಾಡಿದೆವು, ಜೊತೆಗೊಂದು ಮೊಟ್ಟೆಯೋ ಬಟ್ಟಲು ಮೊಸರೋ ಸೇರಿತು. ತೂಗದೆ ಇದ್ದಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಬಸ್ಸಾರಿಗೆ ಇನ್ನೊಂದು ಸೂಕ್ಷ್ಮ ಇದೆ. ಕಾಳು ಸೊಪ್ಪು ಬೇಯಿಸಿ ಬಸಿಯುತ್ತೇವೆ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ ಹೋಗುತ್ತದೆ, ಕಾಳು ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಕಾಳಿನ ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಇರುತ್ತದೆ, ಹಾಗಾಗಿ ಒಣ ಕಾಳಿನ ತೂಕವನ್ನು ಪಲ್ಯದ ಲೆಕ್ಕಕ್ಕೆ ಸೇರಿಸಿ. ಮಸಾಲೆ ರುಬ್ಬುವಾಗ ಒಂದು ಹಿಡಿ ಬೆಂದ ಕಾಳು ಹಾಕುತ್ತೀರಲ್ಲ, ಅದೊಂದು ಮಾತ್ರ ಸಾರಿನ ಪಾಲು. ಮುದ್ದೆಗೆ ಸಾರು ಧಾರಾಳವಾಗಿ ಹಾಕಿಕೊಂಡು ಪಲ್ಯವನ್ನು ಉಪ್ಪಿನಕಾಯಿ ಹಾಗೆ ಪಕ್ಕಕ್ಕೆ ಚೂರು ಇಟ್ಟುಕೊಳ್ಳುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಪಲ್ಯ ಜಾಸ್ತಿ ಹಾಕಿಕೊಳ್ಳಿ.

ಕಾಳು ತೂಗುವುದು ನೆನೆಸುವ ಮುಂಚೆ. ಹುರುಳಿ, ಅಲಸಂದೆ, ಕಡಲೆ ನೆಂದರೆ ತೂಕ ಸುಮಾರು ಎರಡು ಪಟ್ಟು ಆಗುತ್ತದೆ. ನೆಂದದ್ದನ್ನು ತೂಗಿ ಒಣ ಕಾಳಿನ ಸಾಲಿನಲ್ಲಿ ಹಾಕಿದರೆ ಕಾಗದದ ಮೇಲೆ ಪ್ರೋಟೀನ್ ಎರಡರಷ್ಟು ಕಾಣುತ್ತದೆ, ಹೊಟ್ಟೆಗೆ ಹೋಗಿರುವುದಿಲ್ಲ. ಡಿಸೆಂಬರ್ ಜನವರಿಯ ಅವರೆಕಾಯಿ ಕಾಲದಲ್ಲಿ ಇನ್ನೊಂದು ತರಹ ಎಡವುತ್ತೇವೆ. ಕಾಯಿ ತೂಕ ಬೇರೆ, ಸುಲಿದ ಕಾಳಿನ ತೂಕ ಬೇರೆ, ಹಿತುಕಿದ ಬೇಳೆಯ ತೂಕ ಬೇರೆ. ಪಾತ್ರೆಗೆ ಬೀಳುವ ಕೊನೆಯ ರೂಪವನ್ನೇ ತೂಗಿ. ಆ್ಯಪ್‌ನಲ್ಲಿ ಹಸಿ ಅವರೆಯ ಸಾಲು ಹುಡುಕಿ, ಒಣ ಅವರೆಯದ್ದಲ್ಲ, ಹಸಿ ಕಾಳಿನಲ್ಲಿ ನೀರಿನ ಅಂಶವೇ ಜಾಸ್ತಿ.

ಸೊಪ್ಪನ್ನು ತೂಗಬೇಡಿ. ಬೆರಕೆ ಸೊಪ್ಪು ಕಟ್ಟಿಗೆ ಎಷ್ಟು ಗ್ರಾಂ ಅಂತ ತಲೆ ಕೆಡಿಸಿಕೊಂಡು ಕೊನೆಗೆ ಸೊಪ್ಪನ್ನೇ ಕಡಿಮೆ ಮಾಡಿದವರನ್ನು ನೋಡಿದ್ದೇನೆ. ಅದರಲ್ಲಿ ಕ್ಯಾಲೊರಿ ಅತ್ಯಲ್ಪ. ಹೊಟ್ಟೆ ತುಂಬ ತಿನ್ನಿ.

ಎಣ್ಣೆ, ತುಪ್ಪ, ಬೆಲ್ಲಕ್ಕೆ ಕಳೆಯುವ ಲೆಕ್ಕ

ಎಲ್ಲಕ್ಕಿಂತ ದೊಡ್ಡ ತಪ್ಪು ಎಣ್ಣೆಯಲ್ಲಿ ಆಗುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಳತೆಯ ದೊಡ್ಡ ಚಮಚ 15 ಎಂಎಲ್, ಅದರಲ್ಲಿ ಸುಮಾರು 14 ಗ್ರಾಂ ಎಣ್ಣೆ, 120ಕ್ಕೂ ಜಾಸ್ತಿ ಕ್ಯಾಲೊರಿ. ಕಣ್ಣಳತೆಯಲ್ಲಿ ಬಗ್ಗಿಸಿದ "ಸ್ವಲ್ಪ ಎಣ್ಣೆ" ಎರಡು ಚಮಚವೂ ಇರಬಹುದು, ನಾಲ್ಕೂ ಇರಬಹುದು.

ಚಮಚದಿಂದ ಅಳೆಯಲು ಹೋದರೆ ಕೈಯೆಲ್ಲ ಜಿಡ್ಡು. ಅದರ ಬದಲು ಎಣ್ಣೆ ಕ್ಯಾನನ್ನೇ ತಕ್ಕಡಿ ಮೇಲೆ ಇಡಿ, ಸೊನ್ನೆ ಮಾಡಿ, ಎತ್ತಿ ಬಾಣಲೆಗೆ ಬಗ್ಗಿಸಿ, ವಾಪಸ್ ಇಡಿ. ಮೈನಸ್ 22 ಅಂತ ತೋರಿಸಿದರೆ ನೀವು ಹಾಕಿದ್ದು 22 ಗ್ರಾಂ. ಐದು ಸೆಕೆಂಡಿನ ಕೆಲಸ. ತುಪ್ಪದ ಡಬ್ಬ, ಬೆಲ್ಲದ ಡಬ್ಬ, ಕಡಲೆಕಾಯಿ ಚಟ್ನಿಪುಡಿ ಬಾಟಲಿ ಎಲ್ಲಕ್ಕೂ ಇದೇ ಉಪಾಯ. ತಟ್ಟೆಗೆ ಸಾರು ಬಡಿಸುವಾಗಲೂ ಪಾತ್ರೆಯನ್ನೇ ಇಟ್ಟು ಕಳೆಯಬಹುದು. ಒಂದು ಗ್ರಾಂ ಎರಡು ಗ್ರಾಂ ಹನಿ ಹನಿಯಾಗಿ ಹಾಕಿದರೆ ಕೆಲವು ತಕ್ಕಡಿ ಗಮನಿಸುವುದೇ ಇಲ್ಲ, ಅದಕ್ಕೂ ಡಬ್ಬ ಎತ್ತಿ ಇಡುವುದೇ ಸರಿ.

ಕರಿದದ್ದಕ್ಕೆ ಕರಿಯುವ ಮುಂಚೆ ಬಾಣಲೆ ಸಮೇತ ಎಣ್ಣೆ ತೂಗಿ, ಕರಿದು ಪೂರ್ತಿ ಆರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದು ವಡೆಯೊಳಗೆ ಹೋಗಿದೆ. ಬಿಸಿ ಎಣ್ಣೆ ಮಾತ್ರ ತೂಗಲು ಹೋಗಬೇಡಿ.

ಕಡಲೆಕಾಯಿ ಬೀಜವನ್ನು ಇಲ್ಲೇ ಸೇರಿಸುತ್ತೇನೆ. ಒಂದು ಹಿಡಿ, 30 ಗ್ರಾಂ, 156 ಕ್ಯಾಲೊರಿ. ಒಳ್ಳೆಯ ತಿನಿಸೇ, ಆದರೆ ಡಬ್ಬ ಪಕ್ಕದಲ್ಲಿಟ್ಟುಕೊಂಡು ಟಿವಿ ನೋಡುವಾಗ ಹಿಡಿ ಎಷ್ಟಾಯಿತು ಅಂತ ನೆನಪಿರುವುದಿಲ್ಲ. ಬಟ್ಟಲಿಗೆ ತೂಗಿ ಹಾಕಿಕೊಂಡು ಡಬ್ಬ ಒಳಗಿಡಿ.

ಮೂಳೆ, ಸಿಪ್ಪೆ, ಓಟೆ

ತಿನ್ನದ ಭಾಗ ಕಳೆಯಬೇಕು. ನಾಟಿಕೋಳಿ ಸಾರಿನ ದಿನ ತಟ್ಟೆಗೆ ಬಿದ್ದ ತುಂಡುಗಳನ್ನು ತೂಗಿ, ಊಟ ಆದ ಮೇಲೆ ಮೂಳೆ ತೂಗಿ ಕಳೆಯಿರಿ. ಬೆಂದ ಮಾಂಸದ ತೂಕ ಹಸಿಯದಕ್ಕಿಂತ ಕಡಿಮೆ ಇರುತ್ತದೆ, ಹಾಗಾಗಿ ಬೆಂದ ಮಾಂಸದ ಸಾಲನ್ನೇ ಆರಿಸಿ.

ಮಾವಿಗೂ ಹೀಗೆಯೇ. ಮೇ ಜೂನ್‌ನಲ್ಲಿ ಶ್ರೀನಿವಾಸಪುರದ ಹಣ್ಣು ಮನೆಗೆ ಬುಟ್ಟಿಯಲ್ಲಿ ಬರುತ್ತದೆ. ಒಂದು ರಸಪುರಿಗೂ ಒಂದು ತೋತಾಪುರಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ಹಾಗಾಗಿ "ಒಂದು ಮಾವಿನಹಣ್ಣು" ಅಂತ ಬರೆದರೆ ಅರ್ಥವಿಲ್ಲ. ಹಣ್ಣು ತೂಗಿ, ತಿಂದು, ಓಟೆ ಸಿಪ್ಪೆ ತೂಗಿ, ಕಳೆಯಿರಿ. ಅಮ್ಮನಿಗೆ ನಾವು ತಿರುಳು 100 ಗ್ರಾಂ ಕೊಯ್ದು ಬಟ್ಟಲಿಗೆ ಹಾಕಿ ಕೊಡುತ್ತೇವೆ, ಊಟದ ಜೊತೆ ಅಲ್ಲ, ಸಂಜೆ ಹೊತ್ತು. ಮೊದಲ ವರ್ಷ ಮಾವೇ ಬೇಡ ಅಂತ ಅವರನ್ನು ಅಳಿಸಿದ್ದೆವು. ತೂಕ ಗೊತ್ತಿದ್ದರೆ ಹಾಗೆ ಪೂರ್ತಿ ಬಿಡಿಸುವ ಅಗತ್ಯ ಎಷ್ಟೋ ಜನರಿಗೆ ಬರುವುದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಪ್ಯಾಕೆಟ್ ಮತ್ತು ಹೋಟೆಲ್

ಪ್ಯಾಕೆಟ್ ಮೇಲೆ 100 ಗ್ರಾಂಗೆ ಎಷ್ಟು ಅಂತ ಇರುವ ಅಂಕಿಯನ್ನೇ ಓದಿ. "ಒಂದು ಸರ್ವಿಂಗ್" ಅನ್ನುವುದು ತಯಾರಿಸಿದವರು ತೀರ್ಮಾನಿಸಿದ್ದು, ನೀವು ತಿನ್ನುವುದು ಅಷ್ಟೇ ಆಗಬೇಕಾಗಿಲ್ಲ. ಹಾಲಿನಲ್ಲಿ ಕವರಿನ ಬಣ್ಣ ಗಮನಿಸಿ. ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಕೊಬ್ಬು ಶೇ 3. ಫುಲ್ ಕ್ರೀಮ್ ಹಾಲಿನಲ್ಲಿ ಅದರ ಎರಡು ಪಟ್ಟು ಕೊಬ್ಬು. ದಿನಕ್ಕೆ ನಾಲ್ಕು ಸಲ ಟೀ ಕುಡಿಯುವ ಮನೆಯಲ್ಲಿ ಹಾಲು ಸಕ್ಕರೆ ಸೇರಿ ಒಂದು ಊಟಕ್ಕೆ ಹತ್ತಿರ ಬರುತ್ತದೆ, ಒಂದು ದಿನ ಲೋಟಕ್ಕೆ ಬೀಳುವುದನ್ನೆಲ್ಲ ತೂಗಿ ನೋಡಿ.

ಹೋಟೆಲ್‌ಗೆ ತಕ್ಕಡಿ ಒಯ್ಯಬೇಡಿ. ಮುಳಬಾಗಿಲಿಗೆ ಹೋದವರು ದೋಸೆ ತಿಂದೇ ಬರಬೇಕು. ಅಂದಾಜು ಬರೆದು, ಪಕ್ಕದಲ್ಲಿ ಅದು ಅಂದಾಜು ಅಂತ ಒಂದು ಗುರುತು ಹಾಕಿ. ಮನೆಯಲ್ಲಿ ಎರಡು ವಾರ ತೂಗಿದವರ ಕಣ್ಣಿಗೆ ಅಳತೆ ತಾನಾಗಿಯೇ ಬರುತ್ತದೆ. ನನಗೆ ಈಗ ಬಟ್ಟಲು ಅನ್ನ ನೋಡಿದರೆ 20 ಗ್ರಾಂ ಆಚೀಚೆಯಲ್ಲಿ ಹೇಳುವುದಕ್ಕೆ ಆಗುತ್ತದೆ, ಎಣ್ಣೆ ಮಾತ್ರ ಇವತ್ತಿಗೂ ಆಗುವುದಿಲ್ಲ. ಅದಕ್ಕೇ ಹೊರಗಿನ ತಿಂಡಿಗೆ ಎರಡು ಚಮಚ ಎಣ್ಣೆ ಜಾಸ್ತಿಯೇ ಹಾಕಿ ಬರೆಯುತ್ತೇನೆ.

ತಟ್ಟೆ ತೂಗಲು ಆಗದವರಿಗೆ ತಿಂಗಳ ಲೆಕ್ಕ

ಹೊಲ, ಹಸು, ಮಕ್ಕಳು, ಕೆಲಸ ಅಂತ ಓಡಾಡುವವರಿಗೆ ಪ್ರತಿ ತಟ್ಟೆ ತೂಗಲು ಆಗುವುದಿಲ್ಲ. ಅಂಥವರು ಡಬ್ಬ ಖಾಲಿಯಾಗುವ ದಿನ ಬರೆದಿಟ್ಟರೂ ಸಾಕು.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನದ ಮನೆಗೆ ತಿಂಗಳಿಗೆ 750 ಗ್ರಾಂ ಆಯಿತು. ಒಂದು ಕೆಜಿ ಪ್ಯಾಕೆಟ್ 20 ದಿನಕ್ಕೆ ಮುಗಿದರೆ ಒಬ್ಬರಿಗೆ 10 ಗ್ರಾಂ ಬಿದ್ದಿದೆ, ಹಪ್ಪಳ ಉಪ್ಪಿನಕಾಯಿ ಬೇರೆ. ಎಣ್ಣೆಗೂ ಹಾಗೇ. 2024ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯ 2,000 ಕ್ಯಾಲೊರಿಯ ತಟ್ಟೆಯಲ್ಲಿ ಎಣ್ಣೆ ತುಪ್ಪ ಸೇರಿ ದಿನಕ್ಕೆ 27 ಗ್ರಾಂ. ಐದು ಜನಕ್ಕೆ ತಿಂಗಳಿಗೆ ನಾಲ್ಕು ಕೆಜಿ ಚಿಲ್ಲರೆ, ಅಂದರೆ ಲೀಟರ್ ಪ್ಯಾಕೆಟ್ ನಾಲ್ಕೂವರೆ. ಅದೇ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಸೊಪ್ಪು 400, ಹಣ್ಣು 100, ಹಾಲು ಮೊಸರು 300 ಎಂಎಲ್, ಕಡಲೆಕಾಯಿ ಥರದ ಬೀಜಗಳು 35. ಇವೆಲ್ಲ ಹಸಿ ತೂಕ. ನಮ್ಮ ಲೆಕ್ಕದಲ್ಲಿ 350 ಗ್ರಾಂ ಮುದ್ದೆಯಲ್ಲಿ ಒಣ ಧಾನ್ಯ ಸುಮಾರು 120 ಗ್ರಾಂ ಇದೆ. ಎರಡು ಹೊತ್ತು ಅಷ್ಟು ಉಂಡರೆ ದಿನದ ಧಾನ್ಯ ಅಲ್ಲಿಗೇ ಮುಗಿಯಿತು, ಬೆಳಗಿನ ದೋಸೆ, ಮಧ್ಯಾಹ್ನದ ಅನ್ನ ಅದರ ಮೇಲೆ. ಬೇಳೆಕಾಳು ಮಾತ್ರ 85ರ ಹತ್ತಿರಕ್ಕೂ ಬಂದಿರುವುದಿಲ್ಲ. ಮೈಮುರಿದು ದುಡಿಯುವವರಿಗೆ ಧಾನ್ಯ ಜಾಸ್ತಿಯೇ ಬೇಕು, ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಅಲ್ಲ.

ಎರಡು ಮಾತು ತಪ್ಪದೆ ಓದಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟದ ತೂಕ ಒಮ್ಮೆಲೇ ಇಳಿಸಬೇಡಿ, ಶುಗರ್ ತೀರಾ ಕೆಳಗಿಳಿಯಬಹುದು, ಡಾಕ್ಟರಿಗೆ ನೀವು ತೂಕ ಬರೆದಿಟ್ಟ ಪುಸ್ತಕ ತೋರಿಸಿ ಅವರು ಹೇಳಿದ ಹಾಗೆ ಬದಲಿಸಿ. ತೂಗಿ ತೂಗಿ ಊಟದ ಹೆಸರೆತ್ತಿದರೆ ಭಯ ಆಗುವ ಹಾಗಾದರೆ, ಅದರಲ್ಲೂ ವಯಸ್ಸಿಗೆ ಬರುತ್ತಿರುವ ಮಕ್ಕಳಲ್ಲಿ ಹಾಗೆ ಕಂಡರೆ, ತಕ್ಕಡಿ ಎತ್ತಿಟ್ಟುಬಿಡಿ, ಇದರ ಬಗ್ಗೆ ತಿಳಿದ ಡಾಕ್ಟರ ಹತ್ತಿರ ಮಾತಾಡಿಸಿ.

ಕೊನೆಯ ಹೆಜ್ಜೆ: ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಮತ್ತೆ ತೂಗಿ. ನಮ್ಮ ಮನೆಯಲ್ಲಿ ಹೋದ ತಿಂಗಳು ತೂಗಿದಾಗ ಅಮ್ಮನ 200 ಗ್ರಾಂ ಮುದ್ದೆ 240 ಆಗಿತ್ತು. ಹಿಟ್ಟಿನ ಹದ ಅದೇ, ಕಟ್ಟುವ ಕೈ ಅದೇ. ಹುಡುಕಿದರೆ, ಸಣ್ಣ ಬಟ್ಟಲು ದೇವರ ಮನೆ ಸೇರಿತ್ತು, ಮುದ್ದೆ ಪಕ್ಕದ ಬಟ್ಟಲಿನಲ್ಲಿ ಕಟ್ಟುತ್ತಿದ್ದೆವು. ಈಗ ಬಟ್ಟಲಿನ ತಳದಲ್ಲಿ ಮೊಳೆಯಿಂದ ಕೊರೆದು 200 ಅಂತ ಬರೆದಿದ್ದೇವೆ.